ಬಿದಿಗಿ ದಿನದ ವಿಮಾನ

ಹಿಟ್ಟಿಗೆ ನೀರು ಹೆಚ್ಚಾಗಿ ಗೊಂಬಿಯ ಎಡಗೈ ಜಾರ್ತೈತಿ, ಜೋಗಪ್ಪ ಮತ್ತ ಒತ್ತಿ ಕೂಡಿಸ್ತಾನ, ಸತ್ತವರ ಕಾರ್ಯ ಮಾಡಿಸಿ ಪಳಗಿದ ಕೈ — ಜೋಳದ ಹಿಟ್ಟಿನ ಈ ಗೇಣುದ್ದದ್ದು ನನ್ನ ತಮ್ಮ ಗಾದಿಲಿಂಗ ಅಂತ, ಸಿರುಗುಪ್ಪದ ರೈಸ್‌ಮಿಲ್ಲಿನ ಬಾಗಲಾಗ ತಲಿ ಬಗ್ಗಿಸಿ ಬರ್ತಿದ್ದ ಅಷ್ಟೆತ್ತರದ ಆಳು. ಕೆಂಚನಗುಡ್ಡದ ಹೊಳಿ ದಂಡ್ಯಾಗ ಬಿಸಲು ಏರ್ತೈತಿ. ಹೆಣ ಸಿಗದವರಿಗೆ ಹಿಂಗ ಗೊಂಬಿ ಮಾಡಿ ಮಣ್ಣು ಕೊಡೋದು ನಮ್ಮ ಹಿರೇರ ಪದ್ಧತಿ, ಆದ್ರ ಸತ್ತ ದಿನದ ತಿಥಿ ಬೇಕು, ತಿಥಿ ಇಲ್ಲದ ಗೊಂಬಿಗೆ ಮಣ್ಣಿಲ್ಲ, ಅದನ್ನ ಮನಿ ಹಿರೇ ಮಗ ಬಾಯಿ ಬಿಟ್ಟು ಹೇಳಬೇಕು. ಯಾವ ದಿನ ಅಂತ ಹಿಡೀಲಿ ಗಾದೆಪ್ಪಣ್ಣ, ಅಂತ ಜೋಗಪ್ಪ ಕೇಳಿದ, ನಾ ಹೊಳಿ ಕಡೆ ನೋಡಿದೆ, ಹೊಳ್ಯಾಗ ಕಂಡಿದ್ದು ಕ್ಯಾಲೆಂಡರಿನ ಒಂದು ಚೌಕ, ಅದರ ಮ್ಯಾಲೆ ಗ್ರೀಸಿನ ಹೆಬ್ಬಟ್ಟು. ಏಳು ವರ್ಷ ಆತು. ಹೊರದೇಶದಾಗ ಅಕ್ಕಿ ಮಿಷಿನ್ ಕೂಡಿಸಿ ವಾಪಸ್ ಬರಾಕ ವಿಮಾನ ಹತ್ತಿದ, ವಿಮಾನ ಇಳೀಲಿಲ್ಲ, ಬಿದ್ದದ್ದನ್ನೂ ಯಾರೂ ನೋಡಲಿಲ್ಲ, ನೋಡದವರೇ ಎಲ್ಲಾ ಹೇಳಿದರು. ಬಳ್ಳಾರಿ ಸತ್ಯನಾರಾಯಣಪೇಟೆಯ ಮಧುಸೂದನ ಮಾಸ್ತರು ನನ್ನನ್ನ ಹೊರಗಿನ ಕಟ್ಟಿ ಮ್ಯಾಲೆ ಕುಂದ್ರಿಸಿ, ತಾವು ಹೊಸ್ತಿಲೊಳಗ ನಿಂತು ನಕಾಶಿ ಬಿಚ್ಚಿದರು, ಪೈಲಟ್ಟೇ ರೇಡಿಯೋ ಆರಿಸಿ ತಿರುಗಿಸ್ಯಾನಪಾ, ಎಣ್ಣಿ ತೀರೋತನ ಹಾರಿರ್ತೈತಿ — ನನಗ ಆ ಮಾತು ಸಿಹಿ ಹತ್ತಿತು, ಅಷ್ಟೊತ್ತು ಹಾರಿದ್ರ ಬೆಳಕು ಹರಿದು ತದಿಗಿ ಆಗಿರ್ತೈತಿ, ಬಿದಿಗಿ ದಾಟಿರ್ತೈತಿ. ಕುರುಗೋಡಿನ ಹೋಟೆಲ್ ಜಂಬುನಾಥ ಒಗ್ಗರಣಿ ಮಂಡಕ್ಕಿ ಕಲಸ್ಕೋತ, ಯಾವುದೋ ದೇಶದ ಮಿಲಿಟ್ರಿ ತಪ್ಪಿ ಹೊಡದು ಮುಚ್ಚಿಟ್ಟೈತಿ ಬಿಡು ಅಂದ, ಮಿರ್ಚಿ ಹಾಕ್ಲ್ಯಾ ಅಂತ ಅದೇ ಉಸಿರಿನ್ಯಾಗ ಕೇಳಿದ. ಬಾದನಹಟ್ಟಿಯ ನಮ್ಮಕ್ಕ ಅಕ್ಕನಾಗಮ್ಮ ಮೈಮ್ಯಾಲೆ ಅಮ್ಮ ಬರಾಕಿಯನ್ನ ಕೇಳಿ ಬಂದ್ಲು, ನಡುಗಡ್ಡಿಯಾಗ ಗಡ್ಡ ಬಿಟ್ಟು ಕುಂತಾನಂತ, ಜೀವಂತ — ಜೀವಂತಿದ್ದವಗ ತಿಥಿ ಎಲ್ಲಿಂದು, ಅದೂ ಸಿಹಿ. ನಾ ಮಿಲ್ಲಿನ ಫಿಟ್ಟರ್, ಓದು ಎರಡನೇ ಕ್ಲಾಸು, ನನಗ ತಿಳಿದಿದ್ದು ಒಂದು, ಮಿಷಿನ್ ಸುಮ್ಮನ ಕೆಡಂಗಿಲ್ಲ, ಬೇರಿಂಗ್ ಬಿಸಿಯಾಗಿ ಕಿರಗುಟ್ಟಿ ಮೊದಲು ಹೇಳ್ತೈತಿ, ಕಟಗಿ ತುದಿ ಮಿಷಿನ್ನಿಗೆ ಇಟ್ಟು ಇನ್ನೊಂದು ತುದಿ ಕಿವಿಗಿಟ್ರ ಕೇಳ್ತೈತಿ, ಅವಗ ಕಲಿಸಿದವ ನಾನೇ, ಅವ ವಿಮಾನದ ಗ್ವಾಡಿಗೆ ಕಿವಿ ಕೊಟ್ಟು ಎಲ್ಲಾರಿಗಿಂತ ಮೊದಲು ಕೇಳಿದ್ನೇನೋ — ಬ್ಯಾಡ. ಪೂಜಿತಾ ಅಲ್ಲಿ ಕಲ್ಲಿನ ಮ್ಯಾಲೆ ಕುಂತಾಳ, ತಮ್ಮನ ಹೆಂಡ್ತಿ, ಏಳು ವರ್ಷ ಬಳಿ ಹಾಕ್ಕೊಂಡ್ರೂ ಮಂದಿ ನೋಡಿದರು, ತಗದ್ರೂ ನೋಡಿದರು. ಹ್ವಾದ ತಿಂಗಳು ರೊಟ್ಟಿ ಬಡಿಯೋದು ನಿಲ್ಲಿಸಿ ಅಂದ್ಲು, ಭಾವ, ಅವ್ರು ಅದಾರ ಅನ್ರಿ, ಇಲ್ಲಾ ಇಲ್ಲ ಅನ್ರಿ, ನಡುವ ನಿಂತು ನನ್ನ ಕಾಲು ಸೋತಾವು. ಟೀವಿಯವರು ಹತ್ತು ಕಾರಣ ಹೇಳಿದರು, ಹನ್ನೊಂದನೇದು ನನ್ನ ಎದಿಯಾಗೈತಿ. ವಿಮಾನ ಹತ್ತೋ ಮೂರು ದಿನ ಮೊದಲು ತಮ್ಮ ಮಿಲ್ಲಿಗೆ ಫೋನ್ ಮಾಡಿದ್ದ, ಅಣ್ಣ, ನಾಳಿಗೆ ಟಿಕೀಟು ಐತಿ. ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ, ನಾಳಿ ಅಮಾಸಿ, ನಾಡದು ಪಾಡ್ಯ, ಎರಡೂ ಪ್ರಯಾಣಕ್ಕ ಬರಂಗಿಲ್ಲ. ಅವ ನಕ್ಕ, ಅಷ್ಟು ಎತ್ತರದಾಗ ಅಮಾಸಿ ಎಲ್ಲಿ ಕಾಣ್ತೈತಿ ಅಣ್ಣ. ಲೇ, ಕಾಣದಿದ್ರೂ ಇರ್ತೈತಿ, ಬಿದಿಗಿಗೆ ಮಾಡಿಸ್ಕೋ — ಬೈದೆ, ಬೈಕೋತ ಬಿದಿಗಿಯ ಚೌಕದ ಮ್ಯಾಲೆ ಹೆಬ್ಬಟ್ಟು ಒತ್ತಿದೆ, ಕೈತುಂಬ ಗ್ರೀಸು. ಅವ ಟಿಕೀಟು ಬದಲಿಸಿಕೊಂಡ. ಅಮಾಸಿಯ ವಿಮಾನ ಇಳೀತು. ಪಾಡ್ಯದ್ದೂ ಇಳೀತು. ಜೋಗಪ್ಪ ಮತ್ತ ಕೇಳ್ತಾನ, ಯಾವ ದಿನ. ನಾ ತದಿಗಿ ಅಂದ್ರ ಯಾರು ಇಲ್ಲ ಅಂತಾರ, ಮಾಸ್ತರ ನಕಾಶಿ ಸಾಕ್ಷಿ ಐತಿ, ತದಿಗಿ ನಾಲಿಗಿ ತುದಿಗೆ ಬಂತು, ಪೂಜಿತಾ ತಲಿ ಎತ್ತಿದ್ಲು, ಬಿದಿಗಿ, ಅಂದೆ. ಹೌದು ಭಾವ, ಬಿದಿಗಿ, ಅಣ್ಣ ನೋಡಿಕೊಟ್ಟ ದಿನ ಅಂತ ಅವ್ರು ನನಗೂ ಫೋನಿನ್ಯಾಗ ಹೇಳಿದ್ರು. ಹೇಳಿದ್ನ, ಆಕಿಗೆ ಗೊತ್ತಿತ್ತ, ಏಳು ವರ್ಷ ಗೊತ್ತಿಟ್ಕೊಂಡು ನನಗ ರೊಟ್ಟಿ ನೀಡಿದ್ಲ, ಬೈದಿದ್ರ ಬರೋಬ್ಬರಿ ಇರ್ತಿತ್ತು — ಜೋಗಪ್ಪ ಗೊಂಬಿಯನ್ನ ಮುಂದಕ ಸರಿಸಿದ, ಹಿರಿಯ ನೀ, ಎದಿ ಮ್ಯಾಲೆ ಹೆಬ್ಬಟ್ಟು ಒತ್ತಿ ಕೊಡು, ಒತ್ತಿದೆ, ಹಿಟ್ಟು ಮೆತ್ತಗ ಒಳಗ ಹೋತು, ಕೈ ತಗದೆ, ಬಿಳೇ ಎದಿಯ ಮ್ಯಾಲೆ ಹೆಬ್ಬಟ್ಟು, ಚೌಕದ ಮ್ಯಾಲೆ ಹೆಬ್ಬಟ್ಟು, ಹೆಬ್ಬಟ್ಟು