ಸತ್ತಾಕಿ ಕಲ್ಲು

ನನಗೆ ನಮ್ಮೂರಿನ ಮೇಲೆ ಸಿಟ್ಟು ಬಂದದ್ದು ಇಂಗ್ಲೆಂಡಿನ ಒಂದು ಹಳ್ಳಿಯಿಂದ. ತಂಗಿಯ ಮಗಳು ಪ್ರಾಜಕ್ತಾ ಗಂಡನ ಜೊತೆ ಅಲ್ಲಿಗೆ ಪ್ರವಾಸ ಹೋಗಿ ಬಂದು, ಆ ಹಳ್ಳಿಯ ನಕ್ಷೆಯೊಂದನ್ನು ನನ್ನ ಕೈಗಿಟ್ಟಳು. ಎಂಟುನೂರು ಜನರ ಊರು. ಸುತ್ತ ನೋಡತಕ್ಕ ಸ್ಥಳಗಳು ಹನ್ನೊಂದಂತೆ! ಒಂದು ಕುಸಿದ ಗೋಡೆ, ಒಂದು ಕಾಲುಸೇತುವೆ, ಯಾವನೋ ಪಾದ್ರಿ ಕೂತು ಹೊತ್ತು ಕಳೆದ ಗುಡ್ಡ. ಗೋಡೆಗೊಂದು ಬೋರ್ಡು, ಬೋರ್ಡಿನ ಮುಂದೊಂದು ಬೆಂಚು. ನಮ್ಮಲ್ಲಿ? ಕುದುರೆಗಳು ಇಳಿದು ನೀರು ಕುಡಿಯುತ್ತಿದ್ದ ಮೆಟ್ಟಿಲ ಬಾವಿ ಇದೆ, ಅದರ ತುಂಬ ಪ್ಲಾಸ್ಟಿಕ್. ದೇಸಾಯರ ವಾಡೆಯ ಅಗಸೆಬಾಗಿಲು ಇದೆ, ಅದರ ತುಂಬ ಗುಟ್ಕಾ ಉಗುಳು. ವೀರಗಲ್ಲಿನ ಮೇಲೆ ಅರಿವೆ ಒಗೆಯುತ್ತಾರೆ, ತಲೆ ಹೋದ ತೀರ್ಥಂಕರನಿಗೆ ಎಮ್ಮೆ ಕಟ್ಟುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಇಂಥ ಮಂದಿಯನ್ನು ನೋಡಿಯೇ ಹುಟ್ಟಿರಬೇಕು.

ನಾನು ಮಹಾವೀರ ಮಾಸ್ತರ. ನಿಪ್ಪಾಣಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇತಿಹಾಸ ಹೇಳಿದವನು. ನಿವೃತ್ತನಾಗಿ ಊರಿಗೆ ಬಂದು ಎರಡು ವರ್ಷವಾಯಿತು. ರಾಯಬಾಗ, ಚಿಕ್ಕೋಡಿಗಳ ನಡುವೆ ಕಬ್ಬಿನೊಳಗೆ ಮುಚ್ಚಿಹೋದ ಊರು. ನಡುವಿನ ವರ್ಷಗಳಲ್ಲಿ ಇಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂಬುದು ನನಗೆ ತಿಳಿಯದು, ತಿಳಿದುಕೊಳ್ಳುವ ಹುಕಿಯೂ ಇರಲಿಲ್ಲ. ನನ್ನ ಲೆಕ್ಕದಲ್ಲಿ ಇತಿಹಾಸವೆಂದರೆ ಮುನ್ನೂರು ವರ್ಷದ ಆಚೆಗಿನದು.

ಪಂಚಾಯಿತಿ ಅಧ್ಯಕ್ಷ ಸಂಭಾಜಿ ನನ್ನ ಮಾತನ್ನು ಕೂಡಲೇ ಒಪ್ಪಿದ. ಮೂವತ್ತೈದರ ಹುರಿಯಾಳು, ಬಾಯಿ ತೆರೆದರೆ ಜೇನು. 'ನಮ್ಮೂರ ಸುತ್ತ ನೋಡತಕ್ಕ ಹತ್ತು ಸ್ಥಳಗಳು' ಎಂದು ಪುಸ್ತಕ ಮಾಡುವುದು, ಹತ್ತು ಕಡೆ ಗ್ರಾನೈಟಿನ ಬೋರ್ಡು ನಿಲ್ಲಿಸುವುದು ಎಂದು ಠರಾವಾಯಿತು. ಒಂಬತ್ತು ಸ್ಥಳ ಸಿಕ್ಕವು. ಹತ್ತನೆಯದಕ್ಕೆ ನಾನು ಬಿಸಿಲಿನಲ್ಲಿ ಹುಚ್ಚನ ಹಾಗೆ ಅಲೆದೆ.

ಅದು ಸಿಕ್ಕದ್ದು ಗಾಯರಾಣದಲ್ಲಿ, ಊರ ದನ ಮೇಯುವ ಬಯಲಿನಲ್ಲಿ. ಸಂಭಾಜಿಯ ಗಾಡಿಯ ಹಿಂದೆ ಕೂತು ಹೋಗುತ್ತಿದ್ದಾಗ ಬಾರಿಗಿಡದ ಬುಡದಲ್ಲಿ ಮೊಣಕಾಲೆತ್ತರದ ಕಲ್ಲು ಕಂಡಿತು. "ನಿಲ್ಲಸಪಾ" ಎಂದೆ. ಆತ ನಿಲ್ಲಿಸಿದ, ಇಳಿಯಲಿಲ್ಲ. ಎಣ್ಣೆ, ಅರಿಷಿಣ, ಊದಿನಕಡ್ಡಿಯ ಹೊಗೆ ಕೂತು ಕಲ್ಲು ಕಪ್ಪಾಗಿತ್ತು. ಕರವಸ್ತ್ರದಿಂದ ಒರೆಸಿ ನೋಡಿದರೆ ಮೇಲೆತ್ತಿದ ಒಂದು ಹೆಣ್ಣುಗೈ, ಮಣಿಕಟ್ಟಿನ ತುಂಬ ಬಳೆ. ಗಂಡನ ಚಿತೆ ಏರಿದವಳಿಗೆ ಹಿಂದಿನವರು ನಿಲ್ಲಿಸುತ್ತಿದ್ದ ಸತಿಗಲ್ಲಿನ ಗುರುತೇ ಅದು, ಬಳೆ ತೊಟ್ಟ ಕೈ. ಮೂವತ್ತೆರಡು ವರ್ಷ ಪುಸ್ತಕದ ಚಿತ್ರದಲ್ಲಿ ಅದನ್ನು ತೋರಿಸಿದ್ದೆ.

ಅಲ್ಲೇ ಒಬ್ಬ ಮುದುಕಿ ಆಡು ಕಾಯುತ್ತಿದ್ದಳು. ಹೊಳೆವ್ವ ಅಂತ ಹೆಸರು. "ಯಾರ ಕಲ್ಲವಾ ಇದು?" ಎಂದು ಕೇಳಿದೆ.

"ಸತ್ತಾಕೀದ್ರಿ" ಎಂದಳು.

ನನಗೆ ಕೇಳಿಸಿದ್ದು 'ಸತಿಯಾಕೀದ್ರಿ'. ಇನ್ನೂ ಏನೋ ಹೇಳುವವಳಿದ್ದಳು. ಆದರೆ ನನ್ನ ಹೆಗಲಾಚೆ ಗಾಡಿಯ ಮೇಲೆ ಕೂತಿದ್ದ ಸಂಭಾಜಿಯನ್ನು ಕಂಡು ತುಟಿ ಮುಚ್ಚಿ, ಆಡು ಹೊಡೆದುಕೊಂಡು ನಡೆದುಬಿಟ್ಟಳು. ನಾನೂ ಕೂಗಿ ಕರೆಯಲಿಲ್ಲ. ನನಗೆ ಬೇಕಾದ ಮಾತು ಸಿಕ್ಕಿತ್ತಲ್ಲ!

"ಹಳೇದೇನಪಾ ಸಂಭಾಜಿ?"

"ಭಾಳ ಹಳೇದ್ರಿ ಮಾಸ್ತರ. ನಮ್ಮಜ್ಜನ ಅಜ್ಜನ ಕಾಲಕ್ಕೂ ಇತ್ತಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಇವನು ಆ ಪೈಕಿಯಲ್ಲ.

ನಾನು ಬರೆದ ಬರಹವನ್ನು ಗ್ರಾಮಸಭೆಯಲ್ಲಿ ಓದಿದೆ. ಐವತ್ತು ಅರವತ್ತು ಜನರಿದ್ದರು. ಹತ್ತನೆಯ ಸ್ಥಳ ಬಂದಾಗ ಹೆಂಗಸರು ಸೆರಗಿನ ತುದಿ ನೋಡುತ್ತ ಕೂತರು, ಗಂಡಸರು ಫೋನು ನೋಡುತ್ತ ಕೂತರು. "ಏನಾರ ತಪ್ಪಿದ್ರ ಹೇಳ್ರಿ" ಎಂದು ನಾನೇ ಕೇಳಿದೆ. ಒಂದು ನರಪಿಳ್ಳೆಯೂ ಉಸಿರೆತ್ತಲಿಲ್ಲ. ಮಂಜೂರಾಯಿತು.

ಬೋರ್ಡಿನ ಪರದೆ ತೆಗೆಯುವ ಹಿಂದಿನ ದಿನ ಬೆಳಿಗ್ಗೆ ಹೊಳೆವ್ವ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಗಂಟು ಹಸಿ ಶೇಂಗಾ.

"ನಿಮ್ಮ ಹೊಟ್ಟಿ ತಣ್ಣಗಿರಲಿ ಮಾಸ್ತರ. ನನ್ನ ಪೂನಮಂದು ಬೋರ್ಡ ಮಾಡಸೀರಂತ."

"ಯಾವ ಪೂನಮ?"

"ನನ್ನ ಮಗಳ್ರಿ. ಕಲ್ಲಿನ್ಯಾಗ ಕೈ ಐತೆಲ್ಲ, ಅದು ಆಕೀದು."

ಕಟ್ಟೆಯ ಮೇಲೆ ಕೂತು ಹೇಳಿದಳು. ಅಳಲಿಲ್ಲ. ಅತ್ತು ಮುಗಿಸಿದವರು ಹೇಳುವ ಹಾಗೆ ಹೇಳಿದಳು.

"ಹನ್ನೊಂದು ವರ್ಷಾತ್ರಿ. ಇದಽ ಸಂಭಾಜಿಗೆ ಕೊಟ್ಟಿದ್ವಿ. ವರ್ಷೊಪ್ಪತ್ತು ಬಾಳೇ ಮಾಡಿದ್ಲು. ಗಂಡಾ, ಅತ್ತಿ ಕೂಡಿ ಎಣ್ಣಿ ಸುರದು ಕಡ್ಡಿ ಗೀರಿದ್ರು. ನಾ ಓಡಿ ಹೋಗೂದ್ರಾಗ ಮುಖಾನಽ ಉಳದಿರಲಿಲ್ಲ. ಎಡಗೈ ಒಂದು ಉಳದಿತ್ತು. ಪಂಚಮಿಗೆ ಬಂದಾಗ ನಾ ಇಡಿಸಿ ಕಳಿಸಿದ್ದ ಹಸರು ಬಳಿ ಹಂಗಽ ಇದ್ದು. ಅದನ್ನ ನೋಡಿ ನನ್ನ ಮಗಳು ಅಂತ ಗುರುತು ಹಿಡದೆ. ನಮ್ಮಲ್ಲಿ ಹೂಳತೇವ್ರಿ, ಅಲ್ಲೇ ಹೂಳಿದ್ವಿ. ಬೀಸೂ ಕಲ್ಲ ಕಟಿಯಾಂವ ಬಂದಿದ್ದ. ಒಂದು ಆಡು ಕೊಟ್ಟೆ. ಮುಖ ಬ್ಯಾಡ, ಕೈಯಷ್ಟಽ ಕಟಿಯಪಾ ಅಂದೆ."

ಸೆರಗು ಸರಿಪಡಿಸಿಕೊಂಡು ಮುಂದುವರಿಸಿದಳು.

"ಕೋರ್ಟನ್ಯಾಗ ಅವರ ವಕೀಲ ಏನಂದ ಗೊತ್ತೇನ್ರಿ? ಆಕಿ ತಾನಾಗೇ ಬೆಂಕಿ ಹಚ್ಚಿಕೊಂಡ್ಲು ಅಂದ. ಊರಾಗ ಕಣ್ಣಾರೆ ಕಂಡಾವ್ರು ಇದ್ರು, ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟಬಿಟ್ರು ಅವನ್ನ. ಈಗ ನೋಡ್ರಿ, ಸರಕಾರದವ್ರಽ ಖರೇ ಮಾತು ಬರಸ್ಯಾರ, ಅದೂ ಅವನ ಕೈಲೇ ಪಡದಾ ತಗಸ್ತೀರಂತ. ದೇವರಿದ್ದಾನ್ರಿ ಮಾಸ್ತರ. ನನಗ ಓದಾಕ ಬರೂದಿಲ್ಲ. ಆಕಿ ಹೆಸರ ಎಲ್ಲಾರ ಮುಂದ ನೀವಽ ಓದಿ ಹೇಳ್ರಿ, ಅಷ್ಟಾದ್ರ ಸಾಕು ನನಗ."

ಒಳಗೆ ಮೇಜಿನ ಮೇಲೆ ಪುಸ್ತಕದ ಪ್ರತಿಗಳಿದ್ದವು. 'ಗಂಡನಿಗಾಗಿ ತಾನಾಗಿ ಬೆಂಕಿಯನ್ನು ಸೇರಿದ ಮಹಾಸತಿ' ಎಂದು ಬರೆದವನು ನಾನೇ. ಬೇಕೆಂದರೂ ಇಷ್ಟು ಸರಿಯಾಗಿ ಬರೆಯಲಾಗುತ್ತಿರಲಿಲ್ಲ, ಆ ವಕೀಲನ ಮಾತನ್ನು ಅಕ್ಷರಶಃ ಕಲ್ಲಿನಲ್ಲಿ ಕೆತ್ತಿಸಿದ್ದೆ. ಆಗಲೇ ಹೇಳಿಬಿಡಬೇಕಿತ್ತು. "ನಾಳೆ ಬಾ ಹೊಳೆವ್ವ" ಎಂದೆ. ಶೇಂಗಾದ ಗಂಟನ್ನೂ ಇಟ್ಟುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ನೆಟ್ಟಗೆ ಪಂಚಾಯಿತಿಗೆ ಹೋದೆ. "ಆ ಬೋರ್ಡ ತಗಸು" ಎಂದೆ. ಸಂಭಾಜಿ ಚಹಾ ತರಿಸಿದ.

"ತಗಸೋಣ್ರಿ. ನಾಳೆ ಮೈಕ್ ಹಿಡದು ನೀವಽ ಹೇಳ್ರಿ. ಹತ್ತು ವರ್ಷದ ಕಲ್ಲಿಗೆ ಒಂಬೈನೂರು ವರ್ಷ ಅಂತ ಬರದೆ, ಬೀಸೂ ಕಲ್ಲ ಕಟಿಯಾವನ ಕೆಲಸಕ್ಕ ಶಿಲ್ಪಕಲಾ ಅಂದೆ ಅಂತ. ಚಿಕ್ಕೋಡಿ, ಅಥಣಿ, ಕಾಗವಾಡದಿಂದ ಮಾಸ್ತರು ಬರಾಕತ್ತಾರ, ಎಲ್ಲಾ ನಿಮ್ಮ ಶಿಷ್ಯರು. ಪುಸ್ತಕದ ಮ್ಯಾಲ ಫೋಟೋ ನಿಮ್ಮದೈತಿ, ನಂದಲ್ಲ."

"ನೀನಽ ಹಳೇದು ಅಂದೆಲ್ಲೋ!"

"ನಾ ಎಸ್ಸೆಸ್ಸೆಲ್ಸಿ ನಾಪಾಸ್ರಿ ಮಾಸ್ತರ. ನನ್ನ ಮಾತು ನೀವು ಕೇಳೂದ? ಸತಿ ಅಂದಾವ್ರು ನೀವು. ಚಾ ಆರಾಕತೈತಿ, ಕುಡೀರಿ."

ಹಲ್ಕಟ್ ಸೂಳೆಮಗ ಎಂದು ಮನಸ್ಸಿನಲ್ಲಿ ಬೈದೆ. ಬಾಯಲ್ಲಿ ಬೈಯಲಿಲ್ಲ. ಚಹಾ ಕುಡಿದು ಬಂದೆ.

ಮರುದಿನ ಗಾಯರಾಣದಲ್ಲಿ ಶಾಮಿಯಾನ ಹಾಕಿದ್ದರು. ಎಣ್ಣೆ ಅರಿಷಿಣವನ್ನೆಲ್ಲ ತಿಕ್ಕಿ ತೊಳೆದು, ಕಲ್ಲಿನ ಸುತ್ತ ಕಬ್ಬಿಣದ ಜಾಳಿಗೆ ಹಾಕಿ ಕೀಲಿ ಜಡಿದಿದ್ದರು. ಹೊಳೆವ್ವ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದು ಎಲ್ಲರಿಗಿಂತ ಮುಂದೆ ಕೂತಿದ್ದಳು. ಅವಳನ್ನು ನೋಡಿ ಊರಿನವರು ಕಣ್ಣು ತಪ್ಪಿಸಿದರು. ಅವಳು ಮಾತ್ರ ಎಲ್ಲರಿಗೂ "ಬರ್ರಿ, ಕುಂಡ್ರ್ರಿ" ಎನ್ನುತ್ತಿದ್ದಳು, ತನ್ನ ಮನೆಯ ಕಾರ್ಯವೆಂಬಂತೆ.

ಸಂಭಾಜಿ ಪರದೆ ಎಳೆದ. ಮೈಕು ನನ್ನ ಕೈಗೆ ಬಂತು. ಹೊಳೆವ್ವ ಕಾಯಿಯನ್ನು ಮಡಿಲಲ್ಲಿಟ್ಟು ಎರಡೂ ಕೈ ಮುಗಿದಳು. ಹಿಂದಿನ ಸಾಲಿನಲ್ಲಿ ನನ್ನ ಶಿಷ್ಯರು ಮೊಬೈಲು ಎತ್ತಿ ಹಿಡಿದಿದ್ದರು. ನಾನು ಓದಿದೆ.

"ಸತಿಗಲ್ಲು. ಹನ್ನೆರಡನೆಯ ಶತಮಾನ. ಗಂಡನಿಗಾಗಿ ತಾನಾಗಿ ಬೆಂಕಿಯನ್ನು ಸೇರಿದ ಮಹಾಸತಿಯ ಸ್ಮಾರಕ."

ಅವಳು ಕಾದಳು. ಆಮೇಲೆ ಎದ್ದು ನಿಂತು, "ನಡುವ ಹೆಸರ ಬಿಟ್ರೇನ್ರಿ ಮಾಸ್ತರ? ಗದ್ದಲದಾಗ ಕೇಳಲಿಲ್ಲ. ಇನ್ನೊಮ್ಮೆ ಓದ್ರಿ" ಎಂದಳು.

ಯಾರೋ ನಕ್ಕರು. ನಾನು ಇನ್ನೊಮ್ಮೆ ಓದಿದೆ. ಅದೇ ಮಾತು, ಬಿಡಿಸಿ ಬಿಡಿಸಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. 'ತಾನಾಗಿ' ಎಂದಾಗ ಅವಳ ಕೈಗಳು ಕೆಳಗಿಳಿದವು.

"ಆ ವಕೀಲ ಅಂದದ್ದಽ ಬರಸೀರಲ್ರಿ" ಎಂದಳು. ಬೈಗುಳವಿಲ್ಲ, ಶಾಪವಿಲ್ಲ. ಹಾಗೆ ಹೇಳಿದಳು ಅಷ್ಟೆ.

ಸಂಭಾಜಿ ಹಾರ ಹಿಡಿದು ನಿಂತಿದ್ದ. "ಮುದುಕೀನ್ನ ಹಿಂದ ಕುಂಡ್ರಸ್ರೋ, ಫೋಟೋಕ್ಕ ಅಡ್ಡ ಬರತಾಳ" ಎಂದ. ಇಬ್ಬರು ಬಂದು ಅವಳ ರಟ್ಟೆ ಹಿಡಿದರು. ಕೊಸರಾಡಲಿಲ್ಲ. ಹೋಗುವ ಮುಂಚೆ ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ಈ ಅಕ್ಷರ ಎಷ್ಟ ದಿನ ಇರತಾವ್ರಿ ಮಾಸ್ತರ?"

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಮೂವತ್ತೆರಡು ವರ್ಷದ ಚಟ. "ಗ್ರಾನೈಟ್ ಐತಿ ಹೊಳೆವ್ವ. ನೀ ಹೋದಮ್ಯಾಲೂ ಇರತಾವ, ನಿನ್ನ ಮಂದಿ ಎಲ್ಲಾ ಹೋದಮ್ಯಾಲೂ ಇರತಾವ" ಎಂದೆ.

ಮೈಕು ಚಾಲೂ ಇತ್ತು. ಮಂದಿ ಚಪ್ಪಾಳೆ ಹೊಡೆದರು.