ಕಲ್ಲೆತ್ತಿನ ಕೊಂಬಿಗೆ ಬಣ್ಣ ಬೇಡ

ಬಳ್ಳಾರಿಯ ಉತ್ಸವಕ್ಕೆ ಇನ್ನು ಎರಡೇ ದಿನ. ಅಲ್ಲಿಂದ ಪ್ರವಾಸಿಗರ ಬಸ್ಸು ಈ ಸಲ ನಮ್ಮ ಸಂಗನಕಲ್ಲಿಗೂ ಬರುತ್ತದೆ ಎಂದು ಊರಿಗೆ ಊರೇ ಸಡಗರದಲ್ಲಿತ್ತು. ನಮ್ಮ ಮನೆಯವರಾದ ದುರುಗಪ್ಪನವರ ಸಡಗರವಂತೂ ಕೇಳಬೇಡಿ. ಪ್ರತಿ ಕಾರಹುಣ್ಣಿಮೆಗೆ ಓಣಿಯ ಎತ್ತುಗಳ ಕೊಂಬಿಗೆಲ್ಲ ಬಣ್ಣ ಹಚ್ಚುವವರು ಇವರೇ. ಆವತ್ತು ಮಧ್ಯಾಹ್ನ ಕೆಂಪು ಬಣ್ಣದ ಡಬ್ಬಿ ಹಿಡಿದು ಗುಡ್ಡ ಹತ್ತಿಬಿಟ್ಟರು! ಹಿಂದೆಯೇ ನಾನೂ ಓಡಿದೆ.

ಗುಡ್ಡದ ಬಂಡೆಯ ಮೇಲೊಂದು ಎತ್ತಿದೆ. ಸಾವಿರಾರು ವರ್ಷಗಳ ಹಿಂದಿನವರು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದು. ಅಲ್ಲಿ ಸುಧಾರಾಣಿ ಇದ್ದಳು. ಬಂದವರಿಗೆ ಗುಡ್ಡ ತೋರಿಸಲು ತರಬೇತಿ ಪಡೆದ ನಮ್ಮೂರ ಹುಡುಗಿ.

"ಕಾಕಾ, ತಡೀರಿ! ಏನ್ ಮಾಡಾಕ ಹತ್ತೀರಿ?"

"ಈ ಬಿಸಿಲಾಗ ಎತ್ತು ಯಾರ ಕಣ್ಣಿಗೆ ಕಾಣತೈತವಾ? ಬಂದೋರು ಬರೇ ಕಲ್ಲು ನೋಡಿ ಹೋದ್ರ ಊರಿನ ಮರ್ಯಾದಿ ಏನಾಗಬೇಕು? ಕೊಂಬಿಗೆ ಒಂಚೂರು ಕೆಂಪು ಹಚ್ಚತೀನಿ."

"ಆಮೇಲೆ ಉಜ್ಜಿ ತೆಗಿಯಾಕ ಹೋದ್ರ ಬಣ್ಣದ ಜೋಡಿ ಎತ್ತೂ ಹೋಗತೈತಿ. ಮತ್ತ ಹೊಳ್ಳಿ ಬರಂಗಿಲ್ಲ ಕಾಕಾ."

"ಕಾಣದ ಎತ್ತು ಇದ್ರೇನು, ಬಿಟ್ರೇನು!" ಇವರು ಮುಚ್ಚಳ ತೆಗೆದೇಬಿಟ್ಟರು. ಹಟ ಅಂದರೆ ಇವರದೇ.

ಸುಧಾರಾಣಿ ಬಂಡೆಗೆ ಅಡ್ಡ ನಿಂತಳು. "ಹೊತ್ತು ಇಳಿಯೋತನಕ ಕುಂದರ್ರಿ. ಆಗಲೂ ಕಾಣಲಿಲ್ಲಂದ್ರ ನಾನೇ ಬ್ರಷ್ ಹಿಡೀತೀನಿ."

ಅಯ್ಯೋ, ಎಂಥ ಮಾತು ಕೊಟ್ಟಳು ಈ ಹುಡುಗಿ! ಮೂವರೂ ಕೂತೆವು.

ಬಿಸಿಲು ಓರೆಯಾಗಿ ಕಲ್ಲಿನ ಹೊಳಪು ಇಳಿಯಿತು. ಬಂಡೆಯ ಮೇಲೆ ಮೊದಲು ಎತ್ತಿನ ಹೆಗಲ ಮೇಲಿನ ಹಿಣಿಲು ಕಂಡಿತು. ಆಮೇಲೆ ಬೆನ್ನು, ಕಾಲು, ಉದ್ದನೆಯ ಎರಡು ಕೊಂಬು. ಇವರು ನನ್ನತ್ತ ತಿರುಗಿದರು.

"ಅಬ್ಬಬ್ಬಾ! ವಿರೂಪಮ್ಮ, ನಮ್ಮ ಎತ್ತಿನಂಗ ಐತಲ್ಲ! ಯಾವ ಪುಣ್ಯಾತ್ಮ ಮಾಡ್ಯಾನೋ, ನಾ ಕೆಡಸತಿದ್ನಲ್ಲ!" ಇವರ ಕಣ್ಣು ಒದ್ದೆಯಾಯಿತು. ತಾವೇ ಡಬ್ಬಿ ಮುಚ್ಚಿದರು.

ಉತ್ಸವದ ದಿನ ಆ ಕೆಂಪು ಬಣ್ಣ ನಮ್ಮ ಜೋಡೆತ್ತಿನ ಕೊಂಬಿಗೆ ಬಂತು. ಅವನ್ನು ಗುಡ್ಡದ ಕೆಳಗೆ ಕಟ್ಟಿದೆವು. ಸಂಜೆ ಸಿರುಗುಪ್ಪ, ಕುರುಗೋಡಿನಿಂದೆಲ್ಲ ಜನ ಬಂದರು. ಗುಡ್ಡದ ಮೇಲೆ ಒಬ್ಬಾತ ಆ ಬಂಡೆಯಲ್ಲಿ ತನ್ನ ಹೆಸರು ಕೆತ್ತಲು ಚೂಪುಗಲ್ಲು ಎತ್ತಿಕೊಂಡ. ಇವರು ಹೋಗಿ ಅವನ ಕೈ ಹಿಡಿದರು.

"ತಮ್ಮಾ, ಬಣ್ಣದ ಎತ್ತು ಕೆಳಗೈತಿ, ಮೈ ಸವರಿ ನೋಡು. ಇದನ್ನ ಮಾತ್ರ ಬರೇ ಕಣ್ಣಿಲೆ ನೋಡಪಾ."

ಆತ ಕಲ್ಲು ಕೆಳಗಿಟ್ಟ.

ನೀವೂ ಬನ್ನಿ, ಹೊತ್ತು ಇಳಿಯುವಾಗ ಬನ್ನಿ. ನಿಮ್ಮೂರಲ್ಲಿ ಇಂಥ ಹಳೆಯ ಕಲ್ಲಿದ್ದರೆ ಬಣ್ಣ, ಸುಣ್ಣ ಬಳಿಯಬೇಡಿ, ಹೆಸರು ಕೆತ್ತಲು ಬಿಡಬೇಡಿ. ಹೇಗಿದೆಯೋ ಹಾಗೇ ತೋರಿಸಿ. ಜನ ಅದನ್ನು ನೋಡಲೆಂದೇ ಬರುತ್ತಾರೆ.