ತಲೆ ಬಾಲದ ನಡುವಿನ ಸಂದು

"ತಲೆ ಯಾವ ಕಡೆ, ಬಾಲ ಯಾವ ಕಡೆ?"

ಪಾವಗಡದ ಬಾಡಿಗೆ ಕೋಣೆಯ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ತಿಪ್ಪೇಶ್ ಹೀಗೆ ಕೇಳಿದಾಗ ಉತ್ತರ ಹೇಳಲು ಯಾರೂ ಇರಲಿಲ್ಲ. ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಗಂಡಸು ಇನ್ನೊಬ್ಬ ಗಂಡಸಿಗೂ ತೋರಿಸಲಾರದ ಜಾಗದಲ್ಲಿ, ಶಿಶ್ನದ ತುದಿಯ ಅಂಚಿಗೆ, ಸಾಮೆ ಅಕ್ಕಿ ಪೋಣಿಸಿದ ಹಾಗೆ ಬಿಳಿಯ ಸಣ್ಣ ಗುಳ್ಳೆಗಳು ಸಾಲುಗಟ್ಟಿದ್ದವು. ನೋವಿಲ್ಲ, ತುರಿಕೆಯಿಲ್ಲ. ಸಾಲು ಮಾತ್ರ ಬಳೆಯಂತೆ ಬಳಸಿ ಬಂದು, ಕೆಳಗೆ ಒಂದಿಷ್ಟೇ ಜಾಗ ಬಿಟ್ಟು ನಿಂತಿತ್ತು. ಎಂದಿನಿಂದ ಇದ್ದವೋ ಅವನಿಗೆ ಗೊತ್ತಿರಲಿಲ್ಲ. ಮದುವೆ ಗೊತ್ತಾದ ಮೇಲೆ ತನ್ನ ಮೈಯನ್ನು ತಾನು ಮೊದಲ ಸಲ ಸರಿಯಾಗಿ ನೋಡಿಕೊಂಡಿದ್ದ.

ಅಪ್ಪನ ಸೊಂಟ ಕಣ್ಣಿಗೆ ಕಟ್ಟಿತು. ಅಪ್ಪನಿಗೆ ಸರ್ಪಸುತ್ತು ಆಗಿತ್ತು. ಸುತ್ತಿಕೊಂಡ ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಅವನ ಊರು ಹುಲಿಕುಂಟೆಯ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಅಪ್ಪ ಉಳಿದಿರಲಿಲ್ಲ.

ಸೋಲಾರ್ ಪಾರ್ಕಿನ ಕೆಲಸಕ್ಕೆ ರಜೆ ಹೇಳಿ ಅವನು ಊರಿಗೆ ಹೋದ. ಸರ್ಪಸುತ್ತಿಗೆ ಕೆಮ್ಮಣ್ಣಿನ ಗೆರೆ ಎಳೆಯುವವನು ಸೋದರಮಾವ ಬೈರಪ್ಪನೇ. ತಿಪ್ಪೇಶ್ ಮದುವೆಯಾಗಬೇಕಿದ್ದ ತೇಜಸ್ವಿನಿಯ ಅಪ್ಪನೂ ಅವನೇ. ಮಾವನಾಗುವವನ ಎದುರು ಪಂಚೆ ಸಡಿಲಿಸುವುದಕ್ಕಿಂತ ಸಾಯುವುದೇ ಮೇಲೆಂದು ತಿಪ್ಪೇಶನಿಗೆ ಅನ್ನಿಸಿತು. ಆದರೆ ಸಾವೇ ಎದುರಿಗೆ ಬಂದಂತಿರುವಾಗ ನಾಚಿಕೆ ಎಷ್ಟು ಹೊತ್ತು ನಿಂತೀತು?

ಕೊಟ್ಟಿಗೆಯ ಹಿಂದೆ, ಎಳೆಬಿಸಿಲಲ್ಲಿ, ಬೈರಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ. ಸಂಜೆಯಾದರೆ ಜಗಲಿಯ ಮೇಲೆ ಪುರಾಣದ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದ ಗಂಟಲು ಅವನದು. ಆ ದನಿ ಕೇಳುತ್ತಲೇ ತಿಪ್ಪೇಶ್ ನಿದ್ದೆ ಹೋಗಿ ಬೆಳೆದವನು. ಈಗ ಅವನು ಮುಟ್ಟದೆ, ಗುಳ್ಳೆಗಳ ಸಾಲಿನ ಸುತ್ತ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು ನೋಡಿದ.

"ಏನು ಮಾವ?"

"ಒಂದು ಸಾಸಿವೆ ಕಾಳಿನಷ್ಟು ಸಂದು ಉಳಿದೈತೆ ಕಣ್ಲಾ. ಕೆಮ್ಮಣ್ಣಿಗೆ ಬಗ್ಗೋದಲ್ಲ ಇದು. ಆ ಸಂದಿಗೇ ಬರೆ ಹಾಕ್ಬೇಕು. ತಲೆ ಬಾಲ ಕೂಡೋಕೆ ದಾರಿ ಇರಬಾರ್ದು."

"ಅಲ್ಲಿಗಾ?"

"ಹಾವು ಎಲ್ಲಿ ಸುತ್ತೈತೋ ಅಲ್ಲಿಗೇ. ಮಂಗಳವಾರ ಬೆಳಿಗ್ಗೆ ತಣ್ಣೀರು ಮೈಮೇಲೆ ಹುಯ್ಕಂಡು ಬಾ." ಬೈರಪ್ಪ ಏಳುತ್ತ ಮೊಣಕಾಲು ಹಿಡಿದುಕೊಂಡ. "ನಿಮ್ಮಪ್ಪನಿಗೆ ನಾನು ಬರೆ ಹಾಕ್ತೀನಿ ಅಂದೆ. ಆಸ್ಪತ್ರೆಗೆ ಹೊತ್ಕಂಡು ಹೋದ್ರು. ಏನಾತು? ನನ್ನ ತಂಗಿ ಮುಂಡೆ ಆದ್ಲು. ಮಗಳನ್ನೂ ಅಂಗೇ ನೋಡಾಕೆ ನನ್ ಕೈಲಾಗಲ್ಲ."

ಮಂಗಳವಾರಕ್ಕೆ ಮುಂಚೆ, ಪಾವಗಡಕ್ಕೆ ಬಟ್ಟೆ ತರಲು ಹೋಗುತ್ತೇನೆಂದು ಹೇಳಿ, ತಿಪ್ಪೇಶ್ ನಡುವೆ ಮಧುಗಿರಿಯಲ್ಲಿ ಇಳಿದ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ಸರ್ಪಸುತ್ತು, ಕೆಳಗೆ ಉಳಿದ ಸಂದು ಎಂದೆಲ್ಲ ಅವನು ಹೇಳಿದ್ದನ್ನು ಕೇಳಿ, ಚರ್ಮದ ಡಾಕ್ಟರು ಪ್ರಭುದೇವ್ ದೀಪ ಹಿಡಿದು ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

"ಉರಿ ಇದೆಯಾ? ನೀರು ತುಂಬಿದ ಗುಳ್ಳೆ ಒಡೀತಾ?"

"ಇಲ್ಲ ಸಾರ್."

"ಮತ್ತೆ ಸರ್ಪಸುತ್ತು ಹೆಂಗಾಗುತ್ತಪ್ಪ? ಇದು ರೋಗಾನೇ ಅಲ್ಲ. ಪ್ರಾಯಕ್ಕೆ ಬಂದ ಎಷ್ಟೋ ಗಂಡಸರಿಗೆ ಇರುತ್ತೆ, ಯಾರೂ ಹೇಳ್ಕೊಳ್ಳಲ್ಲ. ಕೊಳಕಿನಿಂದ ಬಂದಿದ್ದಲ್ಲ, ಹೆಂಗಸರ ಸಹವಾಸದಿಂದ ಬಂದಿದ್ದಲ್ಲ, ಹೆಂಡ್ತಿಗೆ ಅಂಟೋದೂ ಇಲ್ಲ. ಆ ಸಂದು ಕೂಡ ಎಲ್ಲರಿಗೂ ಹಂಗೇ ಇರುತ್ತೆ. ವಯಸ್ಸಾದಂಗೆ ತಾನೇ ಮಾಸುತ್ತೆ."

"ಔಷಧಿ?"

"ಬೇಕಾಗಿಲ್ಲ. ನೋಡೋಕೆ ಚೆನ್ನಾಗಿಲ್ಲ ಅಂತ ಮನಸ್ಸಿಗೆ ಹತ್ತಿಬಿಟ್ಟಿದ್ರೆ ದೊಡ್ಡ ಊರಲ್ಲಿ ಲೇಸರಲ್ಲಿ ತೆಗೀತಾರೆ. ನಾನಾದ್ರೆ ಸುಮ್ನಿರು ಅಂತೀನಿ."

"ಬರೆ ಹಾಕಿದ್ರೆ ಸಾರ್?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರು ಹಾಕ್ತೀನಿ ಅಂದಿದ್ದು? ನೋಡು, ಅದು ತೆಳು ಚರ್ಮ. ಸುಟ್ಟರೆ ಸುಕ್ಕುಗಟ್ಟಿ ಎಳ್ಕೊಳ್ಳುತ್ತೆ. ಆಮೇಲೆ ಸಂಸಾರ ಬಿಡು, ಉಚ್ಚೆ ಹೊಯ್ಯೋಕೂ ಅಳಬೇಕಾಗುತ್ತೆ."

ಬಸ್ಸಿನಲ್ಲಿ ತಿಪ್ಪೇಶನಿಗೆ ಮೈ ಹಗುರಾಗಿತ್ತು. ಹುಲಿಕುಂಟೆ ಹತ್ತಿರ ಬಂದಂತೆಲ್ಲ ಅದು ಮತ್ತೆ ಭಾರವಾಯಿತು. ಅಪ್ಪನನ್ನೂ ನೋಡಿದ್ದು ಡಾಕ್ಟರೇ ತಾನೇ?

ಮಂಗಳವಾರ ಬೆಳಿಗ್ಗೆ ಬೈರಪ್ಪನ ಮನೆಯ ಒಲೆಯಲ್ಲಿ ಹುಣಸೆ ಕೊರಡಿನ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಕೆಂಡದೊಳಗೆ ಕಬ್ಬಿಣದ ಕಡ್ಡಿ. ಒಲೆಯ ಮುಂದೆ ಅತ್ತೆ ಲಕ್ಕಮ್ಮ ಬೆನ್ನು ಮಾಡಿ ಕೂತಿದ್ದಳು. ಹಿಡಿದುಕೊಳ್ಳಲೆಂದು ಕರೆಸಿದ್ದ ದಾಯಾದಿಗಳಿಬ್ಬರು ಬಾಗಿಲಿಗೆ ಅಡ್ಡ ನಿಂತು, ಹೊರಗಿನ ಬೆಳಕು ಒಳಗೆ ಬಾರದ ಹಾಗಾಗಿತ್ತು. ಬೈರಪ್ಪ ಕಣ್ಣು ಮುಚ್ಚಿ ಪದ್ಯ ಹೇಳುತ್ತಿದ್ದ. ಅದೇ ಇಂಪಾದ ದನಿ. ಪದ್ಯ ಮುಗಿಯುವ ತನಕ ತಿಪ್ಪೇಶ್ ಕಾಯಲಿಲ್ಲ.

"ಮಾವ, ಮಧುಗಿರಿ ಡಾಕ್ಟ್ರಿಗೆ ತೋರಿಸ್ದೆ. ಇದು ಹಾವಲ್ಲವಂತೆ."

"ಅವರು ಹಂಗೇ ಅಂತಾರೆ. ನಿಮ್ಮಪ್ಪನಿಗೂ ಅಂದ್ರು."

ತಾಯಿ ಸಿದ್ದಗಂಗಮ್ಮ ಅವನ ಕೈ ಹಿಡಿದಳು. "ಒಂದು ಗಳಿಗೆ ಹಲ್ಲು ಕಚ್ಕ ಮಗ. ನಿಮ್ಮಪ್ಪನ್ನ ಕಳ್ಕಂಡಿದ್ದು ಸಾಲದಾ?"

ಆ ಕೈಯನ್ನು ಕೊಡವಿ ಎದ್ದು ಹೋಗುವ ಶಕ್ತಿ ತಿಪ್ಪೇಶನಿಗಿರಲಿಲ್ಲ. ದಾಯಾದಿಗಳು ಒಂದು ಹೆಜ್ಜೆ ಮುಂದೆ ಬಂದರು. ಒಬ್ಬನ ಹಸ್ತ ಅವನ ಭುಜದ ಮೇಲೆ ಬಿತ್ತು. ಅವನು ಕೂತುಬಿಟ್ಟ.

"ಲಕ್ಕೀ, ಕಡ್ಡಿ ತಗಂಬಾ," ಎಂದ ಬೈರಪ್ಪ.

ಲಕ್ಕಮ್ಮ ತಿರುಗಲಿಲ್ಲ. "ಏನು ಕಂಡೆ ಅವನ ಮೈಮೇಲೆ? ಬಿಳೀ ಗುಳ್ಳೆ ಸಾಲು, ಬಳೆ ಇದ್ದಂಗೆ. ಅಷ್ಟೇ ತಾನೇ?"

"ಹೆಂಗಸಿಗ್ಯಾಕೆ ಅದು?"

"ಹೆಂಗಸಿಗಲ್ಲದೆ ಇನ್ಯಾರಿಗೆ? ನಾನು ಈ ಮನೆಗೆ ಬಂದಾಗ ನಿನಗೂ ಅಂಗೇ ಇತ್ತು. ನಾನು ಕಂಡಿಲ್ವಾ? ಯಾವ ಹಾವು ಬಂದು ನಿನ್ನ ನುಂಗ್ತು?"

ದಾಯಾದಿಗಳಲ್ಲೊಬ್ಬನಿಗೆ ನಗು ಬಂದು ಕೆಮ್ಮಾಯಿತು. ಬೈರಪ್ಪನ ಮುಖ ಒಮ್ಮೆ ಕಪ್ಪಿಟ್ಟಿತು, ಒಮ್ಮೆ ಕೆಂಪಾಯಿತು.

"ನಂದು ಬೇರೆ ಕಣೇ," ಎಂದ ಅವನು. ಪದ್ಯ ಹೇಳುವ ಆ ದನಿ ಒಡೆದು ಹೋಗಿತ್ತು. "ನಂದು ಬೇರೆ. ಕೆಂಡ ಆರೋದ್ರೊಳಗೆ ಕಡ್ಡಿ ತಗಂಬಾ ಅಂದೆ."

ತಿಪ್ಪೇಶನ ಭುಜದ ಮೇಲಿದ್ದ ಹಸ್ತ ಇನ್ನೂ ಹಾಗೆಯೇ ಇತ್ತು. ಲಕ್ಕಮ್ಮ ಈಗ ಎದ್ದಳು. ಒಲೆಗೂ ಗಂಡನಿಗೂ ನಡುವೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ಅವನ ಜೊತೆ ಬಾಳಬೇಕಾದೋಳು ನನ್ ಮಗಳು," ಎಂದಳು. "ನಾನು ತರಲ್ಲ. ನಿನಗೂ ಮುಟ್ಟಗೊಡಲ್ಲ."